ಸಾಬಣ್ಣನನ್ನು ಹಿಂದೆ ನಿಲ್ಲಿಸಿದ ದಿನ

ನಾನು ಲಾರಿ ಕಲಿಯಲು ಹೋದದ್ದು ಹೊಟ್ಟೆಪಾಡಿಗೆ ಎಂದು ರಾವೂರಿನವರೆಲ್ಲ ತಿಳಿದಿದ್ದರು. ಅವ್ವನೂ ಹಾಗೇ ತಿಳಿದಿದ್ದಳು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ. ನನಗೆ ಬೇಕಾಗಿದ್ದವನು ಸಾಬಣ್ಣ. ಅವನು ಲಾರಿಯ ಹಿಂದೆ ನಿಂತಿರಬೇಕು, ಸ್ಟೇರಿಂಗ್ ನನ್ನ ಕೈಯಲ್ಲಿರಬೇಕು, ಗೇರು ರಿವರ್ಸಿಗೆ ಬಿದ್ದಿರಬೇಕು. ಅಲ್ಲಿಂದ ಮುಂದಿನದು ನನಗೂ ನನ್ನ ಕಾಲಿಗೂ ಬಿಟ್ಟ ವಿಷಯ.

ಆರು ವರ್ಷಗಳ ಹಿಂದೆ ನಮ್ಮೂರಿನ ಒಂದು ಕಲ್ಲಿನ ಖಣಿಯಲ್ಲಿ ಊರಿಗೆ ಹೊಸಬನಾಗಿ ಬಂದಿದ್ದ ಈ ಸಾಬಣ್ಣ ಲಾರಿಯನ್ನು ಹಿಂದಕ್ಕೆ ತರುತ್ತ ನನ್ನ ಅಪ್ಪನನ್ನು ನೆಲಕ್ಕೆ ಹಾಸುವ ಪರಸಿ ಕಲ್ಲುಗಳ ಸಾಲಿಗೆ ಒತ್ತಿಬಿಟ್ಟ. ಅಪ್ಪನ ಹೆಸರು ದೇವಾನಂದ. ಲಾರಿಗೆ ಕಲ್ಲು ಏರಿಸುವುದು ಅವನ ಕೆಲಸ. ಲಾರಿ ಹಿಂದೆ ಬರುವಾಗ ಬೆನ್ನಿಗೆ ನಿಂತು ಡ್ರೈವರನಿಗೆ ಅಂದಾಜು ಕೊಡುವುದೂ ಅವನ ಕೆಲಸವೇ. ಖಣಿಯಲ್ಲಿ ಸಾವು ಹೊಸದೇನಲ್ಲ. ಬರೀ ಸಾವಾಗಿದ್ದರೆ ನಾನು ಅತ್ತು, ಬೈದು, ಕೊನೆಗೊಂದು ದಿನ ಸುಮ್ಮನಾಗುತ್ತಿದ್ದೆನೇನೋ. ಆದರೆ ಪೊಲೀಸರು ಬಂದು ಕೇಳಿದಾಗ ಸಾಬಣ್ಣ ಕೈಕಟ್ಟಿ ನಿಂತು, "ಅಂವ ಕುಡದು ನಿಂತಿದ್ದರಿ ಸಾಹೇಬ್ರ. ನಾ ಏನ್ ಮಾಡ್ಲಿ?" ಎಂದನಂತೆ.

ನಮ್ಮದು ಬುದ್ಧನ ಮನೆ. ಗೋಡೆಯ ಮೇಲಿನ ಫೋಟೋದ ಮುಂದೆ ಕುಳಿತು ದಿನಾ ಬೆಳಗ್ಗೆ ಐದು ಶೀಲ ಹೇಳಿಕೊಂಡು ಬೆಳೆದವಳು ನಾನು. ಐದನೆಯ ಶೀಲ ಕುಡಿತ ಮುಟ್ಟುವುದಿಲ್ಲ ಎನ್ನುವುದು. ಓಣಿಯ ಗಂಡಸರನ್ನು ಕೂರಿಸಿಕೊಂಡು ಅದನ್ನೇ ಒತ್ತಿ ಒತ್ತಿ ಹೇಳುತ್ತಿದ್ದವನು ಅಪ್ಪ. ಹಾಗಾಗಿ ಅವನು ಕುಡಿದು ಸತ್ತ ಎಂಬ ಸುದ್ದಿ ಊರಿಗೆ ಎರಡು ಪಟ್ಟು ರುಚಿಯಾಯಿತು. ಆಸ್ಪತ್ರೆಯ ಕಾಗದದಲ್ಲಿ ಎದೆಗೂಡು ಮುರಿದದ್ದನ್ನು ಬರೆದಿದ್ದರೇ ಹೊರತು, ಕುಡಿದಿದ್ದನೋ ಇಲ್ಲವೋ ಎಂಬುದರ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಕೇಸು ಮುಚ್ಚಿತು. ಚಾದಂಗಡಿಯ ಮುಂದೆ ನಾನು ಹಾದುಹೋದರೆ ಸಾಕು, ಯಾವನಾದರೂ ಒಬ್ಬ ಮೆಲ್ಲಗೆ, "ಶೀಲ ಹೇಳಾಂವ್ನ ಮಗಳು ಬಂದಳು ನೋಡ್ರಿ" ಎನ್ನುತ್ತಿದ್ದ. ನಾನು ಇಬ್ಬರ ಕೊರಳಪಟ್ಟಿ ಹಿಡಿದಿದ್ದೇನೆ, ಒಬ್ಬನಿಗೆ ಚಪ್ಪಲಿಯಿಂದ ಹೊಡೆದಿದ್ದೇನೆ. ಅವ್ವ ಮಾತ್ರ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಅವಳ ಆ ಮೌನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾಬಣ್ಣ ಆ ಮೇಲೆ ರಾವೂರಿನ ಕಡೆ ತಲೆ ಹಾಕಲಿಲ್ಲ. ಅವನು ಚಿಂಚೋಳಿ ಸೀಮೆಯವನು, ತನ್ನೂರಿಗೆ ಹೋದ ಎಂದರು. ಎರಡು ವರ್ಷದ ಹಿಂದೆ ಶಹಾಬಾದಿನ ನನ್ನ ಗೆಳತಿ ಜಬೀನ್ ಫೋನು ಮಾಡಿದಳು. ಸೇಡಂ ರಸ್ತೆಯ ಒಂದು ಸಿಮೆಂಟ್ ಕಂಪನಿ ಸುತ್ತಲಿನ ಹೆಣ್ಣುಮಕ್ಕಳಿಗೆ ಲಾರಿ ಕಲಿಸುತ್ತದಂತೆ, ಕಲಿತವರಿಗೆ ಖಣಿಯಲ್ಲೇ ಕೆಲಸವಂತೆ, ಕಲಿಸುವವನು ಯಾರೋ ಚಿಂಚೋಳಿಯ ಸಾಬಣ್ಣ ಅಂತೆ, ಭಾಳ ಹಳೆಯ ಡ್ರೈವರನಂತೆ. ನಾನು ಅವಳಿಗೆ ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದೆ.

ಹೆವಿ ಲೈಸೆನ್ಸಿಗೆ ಕೂರಬೇಕಾದರೆ ಸಣ್ಣ ಗಾಡಿಯ ಲೈಸೆನ್ಸ್ ಸಿಕ್ಕು ಒಂದು ವರ್ಷವಾಗಿರಬೇಕು. ನನ್ನ ಹತ್ತಿರ ಸೈಕಲ್ ಕೂಡ ಇರಲಿಲ್ಲ. ವಾಡಿಯ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿ ಕಾರು ಕಲಿತೆ, ಲೈಸೆನ್ಸ್ ಮಾಡಿಸಿದೆ, ಆಮೇಲೆ ಕ್ಯಾಲೆಂಡರ್ ನೋಡುತ್ತ ಒಂದು ವರ್ಷ ಕಾದೆ. ಸಿಟ್ಟು ತಣ್ಣಗಾಗುತ್ತದೆ ಎನ್ನುವವರು ಸಿಟ್ಟನ್ನು ಸಾಕಿದವರಲ್ಲ. ನನ್ನದು ಆ ಒಂದು ವರ್ಷದಲ್ಲಿ ಚೆನ್ನಾಗಿ ಮೈಕೈ ತುಂಬಿಕೊಂಡಿತು.

ಮೊದಲ ದಿನ ಜಬೀನಳೂ ಸೇರಿ ನಾವು ಎಂಟು ಮಂದಿ ಹೆಣ್ಣುಮಕ್ಕಳು. ನಾಲವಾರದಿಂದ ರೈಲಿನಲ್ಲಿ ಬಂದವರಿದ್ದರು, ಮುಧೋಳದ ಕಡೆಯಿಂದ ಗಂಡನ ಬೈಕಿನ ಹಿಂದೆ ಕುಳಿತು ಬಂದವಳೊಬ್ಬಳಿದ್ದಳು. ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಖಣಿಯೇ ನಮ್ಮ ಮೈದಾನ. ಸುತ್ತ ಜಾಲಿಗಿಡ, ಗಿಡದ ಮೇಲೆಲ್ಲ ಬಿಳಿ ಧೂಳು. ಮಧ್ಯದಲ್ಲಿ ಹತ್ತು ಚಕ್ರದ ಒಂದು ಹಳೆಯ ಲಾರಿ, ಅದರ ಪಕ್ಕದಲ್ಲಿ ಸಾಬಣ್ಣ.

ಆರು ವರ್ಷ ನಾನು ಮುಖ ನೋಡದೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನು ದೊಡ್ಡ ಮೀಸೆಯ, ಕೆಂಪು ಕಣ್ಣಿನ ರಾಕ್ಷಸ. ಇಲ್ಲಿ ನಿಂತಿದ್ದವನು ಐವತ್ತೆಂಟರ ಒಬ್ಬ ಸಣಕಲ ಮನುಷ್ಯ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ. ನನಗೆ ಮೋಸವಾದಂತಾಯಿತು. ಅವನು ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಓದಿದ. "ಲುಂಬಿನಿ ದೇವಾನಂದ, ರಾವೂರ" ಎಂದು ಓದಿ ತಲೆ ಎತ್ತಿದ. ನಾನು ಕಣ್ಣು ಕೀಳದೆ ನೋಡಿದೆ.

"ಕಾಲ ಪೆಡಲಿಗೆ ಮುಟ್ಟತಾವೇನವ್ವ?" ಎಂದು ಕೇಳಿದ.

"ಮುಟ್ಟತಾವ್ರಿ."

"ಸರ್ ಅನಬ್ಯಾಡ್ರಿ ಯಾರೂ. ಉಸ್ತಾದ್ ಅನ್ರಿ. ಲಾರಿದಾಗ ಸರ್ ಇರಂಗಿಲ್ಲ" ಎಂದು ಮುಂದಿನ ಹೆಸರಿಗೆ ಹೋದ. ನನ್ನ ಗುರುತು ಅವನಿಗೆ ಸಿಗಲಿಲ್ಲವಲ್ಲ ಎಂದು ಖುಷಿಯಾಯಿತು. ತಾನು ಕೊಂದವನ ಹೆಸರನ್ನೇ ಮರೆತನಲ್ಲ ಎಂದು ಸಿಟ್ಟೂ ಬಂತು.

ಒಂದು ಮಾತು ಒಪ್ಪಿಕೊಳ್ಳಲೇಬೇಕು, ಆ ಮನುಷ್ಯನಿಗೆ ಕಲಿಸಲು ಬರುತ್ತಿತ್ತು. ಮೊದಲ ವಾರವೆಲ್ಲ ಗಾಡಿ ಚಾಲೂ ಮಾಡಿ ಸುಮ್ಮನೆ ಕೂರಿಸಿದ. ಲಾರಿಯ ಬ್ರೇಕು ಗಾಳಿಯ ಮೇಲೆ ನಡೆಯುತ್ತದೆ. ಮೀಟರಿನ ಮುಳ್ಳು ಏರಿ ಗಾಳಿ ತುಂಬುವ ಮೊದಲೇ ಗಾಡಿ ಬಿಟ್ಟರೆ ಬ್ರೇಕು ನಿಮ್ಮ ಮಾತು ಕೇಳುವುದಿಲ್ಲ. "ಮುಳ್ಳ ಏರೋತನಕ ಕುಂದ್ರಿ. ಅವಸರ ಇದ್ದವರು ಬಸ್ಸಿಗೆ ಹೋಗ್ರಿ" ಎನ್ನುತ್ತಿದ್ದ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರನ್ನು ಅವರ ಅವ್ವ ಅಪ್ಪನ ಸಮೇತ ಬೈಯುತ್ತಿದ್ದ. ತಿರುವಿನಲ್ಲಿ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಗೆ ಕೊಯ್ದುಕೊಂಡು ಬರುತ್ತದೆ ಎಂಬುದನ್ನು ಧೂಳಿನಲ್ಲಿ ಕಡ್ಡಿಯಿಂದ ಗೆರೆ ಹೊಡೆದು ತೋರಿಸಿದ. ನಾನು ಅವನ ಪ್ರತಿ ಮಾತನ್ನೂ ನುಂಗಿದೆ. ಜಬೀನ್ ಎರಡು ಸಲ ಕೇಳಿದ್ದನ್ನು ನಾನು ಒಂದೇ ಸಲಕ್ಕೆ ಕಲಿತೆ. ಯಾವ ಗುರುವಿಗೂ ನನ್ನಂಥ ಶಿಷ್ಯೆ ಸಿಕ್ಕಿರಲಾರಳು, ಅಷ್ಟು ದ್ವೇಷ ಇತ್ತು ನನಗೆ.

ಅವನದೊಂದು ಪಾಠವಿತ್ತು. ಅಂಗೈ ದಪ್ಪದ ಒಂದು ಪರಸಿ ಕಲ್ಲನ್ನು ಲಾರಿಯ ಹಿಂದೆ ನೆಟ್ಟಗೆ ನಿಲ್ಲಿಸುತ್ತಿದ್ದ. ನಾವು ಹಿಂದಕ್ಕೆ ಬಂದು ಲಾರಿಯ ಹಿಂಬದಿಯ ತಗಡನ್ನು ಅದಕ್ಕೆ ತಾಕಿಸಬೇಕು, ಕಲ್ಲು ಬೀಳಬಾರದು. ಬಿದ್ದರೆ ಇಳಿದು ನಾವೇ ಎತ್ತಿ ನಿಲ್ಲಿಸಬೇಕು. ಒಂದೊಂದು ಕಲ್ಲು ಮೂವತ್ತು ಕಿಲೋ. ಆ ಪಾಠದ ಮೊದಲ ವಾರ ನಮ್ಮೆಲ್ಲರ ಬೆನ್ನು ಮುರಿದುಹೋಯಿತು. ಎರಡನೆಯ ತಿಂಗಳಿಗೆ ಹತ್ತರಲ್ಲಿ ಒಂಬತ್ತು ಸಲ ನಾನು ತಾಕಿಸಿ ನಿಲ್ಲಿಸುತ್ತಿದ್ದೆ. ಕ್ಲಚ್ಚನ್ನು ಅರ್ಧ ಹಿಡಿದು ಉಸಿರು ಬಿಗಿಹಿಡಿದರೆ ಆ ಹದಿನೈದು ಟನ್ನಿನ ಗಾಡಿ ಬೆರಳಿನಷ್ಟೇ ಸರಿಯುತ್ತಿತ್ತು. "ಈಕಿ ಕಾಲಾಗ ಕಣ್ಣ ಅವ" ಎಂದು ಅವನು ಜಬೀನಳಿಗೆ ಹೇಳಿದನಂತೆ. ಆ ಹೊಗಳಿಕೆ ಕೇಳಿ ನನಗೆ ಹೇಸಿಗೆಯಾಯಿತು, ಸುಳ್ಳೇಕೆ, ಒಂದು ಕ್ಷಣ ಹೆಮ್ಮೆಯೂ ಆಯಿತು. ಅದಕ್ಕಾಗಿ ಆ ದಿನವೆಲ್ಲ ನನ್ನನ್ನೇ ಬೈದುಕೊಂಡೆ.

ಕಲ್ಲಿನ ಪಾಠ ಮುಗಿದ ಮೇಲೆ, ಮನುಷ್ಯನನ್ನು ಹಿಂದೆ ನಿಲ್ಲಿಸಿಕೊಂಡು ಗಾಡಿ ತರುವ ಪಾಠ ಬಂತು. ಅವನೇ ಹೋಗಿ ಹಿಂದೆ ನಿಂತ. ನಿಲ್ಲುವ ಮೊದಲು ನಮ್ಮನ್ನೆಲ್ಲ ಕರೆದು ತಗಡಿನ ಮೇಲೆ ಅಂಗೈ ಇಟ್ಟು ಹೇಳಿದ.

"ಕಿವಿ ಕೊಟ್ಟು ಕೇಳ್ರಿ. ನಾ ಹಿಂಗ ತಟಾತಟಾ ತಟ್ಟಲಿಕತ್ತಿದ್ರ ಜಾಗ ಅದ, ಬರ್ರಿ ಅಂತ. ತಟ್ಟೋದು ನಿಂತು ಅಂದ್ರ ನಿಲ್ರಿ. ಹಿಂದ ಇದ್ದಾಂವ ಸುಮ್ಮ ಆದ ಅಂದ್ರ ಏನರ ಆಗ್ಯಾದ ಅಂತ ತಿಳೀರಿ. ನಮ್ಮ ಚಿಂಚೋಳಿ ಕಡಿ ಹಿಂಗೇ."

ನಮ್ಮ ರಾವೂರಿನ ಖಣಿಗಳಲ್ಲಿ ಹಾಗಲ್ಲ. ನಮ್ಮಲ್ಲಿ ಹಿಂದೆ ನಿಂತವನು ಸುಮ್ಮನಿದ್ದರೆ ಜಾಗ ಇದೆ ಎಂದು. ತಟ್ಟಿದರೆ ನಿಲ್ಲಬೇಕು ಎಂದು. ಅಪ್ಪನಿಗೆ ಊಟ ಕೊಡಲು ಹೋದಾಗಲೆಲ್ಲ ನಾನು ನೋಡಿದ್ದೇನೆ, ಅವನು ಒಂದೇ ಸಲ ಜೋರಾಗಿ ತಟ್ಟುತ್ತಿದ್ದ, ಲಾರಿ ಅಲ್ಲೇ ನಿಲ್ಲುತ್ತಿತ್ತು. ಆ ದಿನ ಅವನು ತಟ್ಟಿದ್ದಾನೆ. ನಿಲ್ಲಲಿಲ್ಲ ಎಂದು ಇನ್ನೂ ತಟ್ಟಿದ್ದಾನೆ. ಎರಡೂ ಕೈಯಿಂದ ತಟ್ಟಿದ್ದಾನೆ. ಒಳಗೆ ಕುಳಿತ ಈ ಚಿಂಚೋಳಿಯವನಿಗೆ ಅದು ಬಾ, ಬಾ, ಬಾ ಎಂದು ಕೇಳಿಸಿದೆ.

"ಉಸ್ತಾದ್," ಎಂದೆ. "ನಮ್ಮ ಕಡಿ ತಟ್ಟಿದ್ರ ನಿಲ್ಲೂ ಅಂತ."

ಅವನು ನನ್ನನ್ನು ನೋಡಲಿಲ್ಲ, ತಗಡನ್ನು ನೋಡಿದ. "ಹೂಂ. ಗೊತ್ತದ. ಒಂದೊಂದು ಕಡಿ ಒಂದೊಂದು ನಮೂನಿ. ಅದಕ್ಕ ಮೊದಲೇ ಕೇಳಿ ತಿಳ್ಕೋಬೇಕು" ಎಂದ.

ಗೊತ್ತಿದೆಯಂತೆ. ಅಂದರೆ ಯಾವತ್ತೋ ಗೊತ್ತಾಗಿದೆ. ತಾನು ಮಾಡಿದ್ದು ತಪ್ಪು ತಿಳಿವಳಿಕೆ ಎಂದು ಗೊತ್ತಾದ ಮೇಲೂ, ಕುಡಿದಿದ್ದ ಎನ್ನುವ ಸುಳ್ಳನ್ನು ರಾವೂರಿನಲ್ಲಿ ಹಾಗೇ ಬಿಟ್ಟು ಇಲ್ಲಿ ಬಂದು ಉಸ್ತಾದ್ ಆಗಿದ್ದಾನೆ. ಕೊಂದದ್ದು ಬೇಕೆಂದಲ್ಲ ಎಂದು ತಿಳಿದರೆ ನನ್ನ ಸಿಟ್ಟು ಇಳಿಯಬೇಕಿತ್ತು ಎಂದು ನೀವು ಹೇಳಬಹುದು. ಇಳಿಯಲಿಲ್ಲ. ಇಷ್ಟು ದಿನ ಅದಕ್ಕೆ ಒಂದು ಕಾಲಿತ್ತು, ಈಗ ಎರಡಾದವು.

ಆದರೂ ಒಂದು ಅವಕಾಶ ಕೊಟ್ಟೆ. ಮೂರನೆಯ ತಿಂಗಳಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ರಸ್ತೆಗೆ ಕರೆದೊಯ್ಯುತ್ತಿದ್ದ. ಚಿತ್ತಾಪುರ ದಾಟಿ ವಾಡಿಯ ಕಡೆ ಹೊರಟಿದ್ದೆವು. ಎರಡೂ ಬದಿಗೆ ತೊಗರಿ ಹೂ ಬಿಟ್ಟಿತ್ತು. ಕ್ಯಾಬಿನ್ನಿನಲ್ಲಿ ನಾವಿಬ್ಬರೇ.

"ಉಸ್ತಾದ್, ನಿಮ್ಮ ಕೈಯಾಗ ಯಾರರ ಸತ್ತಾರೇನ್ರಿ?"

ಅವನು ಕಿಟಕಿಯ ಆಚೆ ನೋಡಿದ. "ಒಬ್ಬ" ಎಂದ.

"ಹ್ಯಾಂಗ್ರಿ?"

"ಗೇರ್ ಇಳಸು. ಮುಂದ ಎತ್ತಿನ ಗಾಡಿ ಅದ."

ಗೇರು ಇಳಿಸಿದೆ. ಎತ್ತಿನ ಗಾಡಿ ದಾಟಿತು, ರೈಲ್ವೆ ಗೇಟು ದಾಟಿತು, ವಾಡಿಯೇ ಬಂತು. ಅವನು ಬಾಯಿ ಬಿಡಲಿಲ್ಲ. ವಾಪಸು ಬರುವಾಗ ನಾನು ತೀರ್ಮಾನ ಮಾಡಿಯಾಗಿತ್ತು. ಪರೀಕ್ಷೆಯ ದಿನವೇ ಆಗಬೇಕು. ಆ ದಿನ ಎಲ್ಲರೂ ಇರುತ್ತಾರೆ.

ಕಲಬುರಗಿಯ ಆರ್‌ಟಿಒ ಪರೀಕ್ಷೆಗೆ ಕಳಿಸುವ ಮೊದಲು ಕಂಪನಿಯದೇ ಒಂದು ಪರೀಕ್ಷೆ ಇತ್ತು. ಸುರಕ್ಷತಾ ಅಧಿಕಾರಿ ಸುರೇಶಕುಮಾರ್ ಹಳದಿ ಟೊಪ್ಪಿಗೆ ಹಾಕಿಕೊಂಡು, ಕೈಯಲ್ಲಿ ರಟ್ಟು ಹಿಡಿದು ಬಂದಿದ್ದ. ಪರಸಿ ಕಲ್ಲುಗಳನ್ನು ಎದೆಮಟ್ಟ ಪೇರಿಸಿ ಮೂರು ಬದಿ ಗೋಡೆಯಂತೆ ಮಾಡಿದ್ದರು. ನಡುವೆ ಲಾರಿ ಹಿಡಿಯುವಷ್ಟೇ ಸಂದಿ. ಅದರೊಳಗೆ ಹಿಂದಕ್ಕೆ ಹೋಗಿ, ಕೊನೆಯ ಗೋಡೆಗೆ ಒಂದು ಮಾರು ಬಿಟ್ಟು ನಿಲ್ಲಿಸಬೇಕು. ಜಬೀನ್ ಎಲ್ಲರ ಪರೀಕ್ಷೆಯನ್ನೂ ತನ್ನ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು; ಮನೆಯಲ್ಲಿ ತೋರಿಸಬೇಕೆಂದು ಎಲ್ಲರೂ ಕೇಳಿಕೊಂಡಿದ್ದರು.

ಸಾಬಣ್ಣ ಒಬ್ಬೊಬ್ಬರ ಸರದಿಗೂ ಸಂದಿಯೊಳಗೆ ಹೋಗಿ, ಲಾರಿಯ ತಗಡು ತಟ್ಟುತ್ತ ಕೊನೆಯ ಗೋಡೆಯವರೆಗೆ ಹಿಂದಕ್ಕೆ ಸರಿಯುತ್ತಿದ್ದ. ಸುರೇಶಕುಮಾರ್, "ಏ ಸಾಬಣ್ಣ, ಹೊರಗ ನಿಂತು ಸೀಟಿ ಊದ್ರಿ. ರೂಲ್ ಹಂಗದ" ಎಂದ. "ಸೀಟಿ ಇಂಜಿನ್ ಸಪ್ಪಳದಾಗ ಕೇಳಂಗಿಲ್ರಿ. ನಾನೇ ನಿಲ್ತೀನಿ" ಎಂದು ಅವನು ಜಾಗ ಬಿಡಲಿಲ್ಲ. ನನ್ನ ಸರದಿ ಆರನೆಯದು.

ಹತ್ತಿದೆ. ಗಾಳಿಯ ಮುಳ್ಳು ಏರುವವರೆಗೆ ಕುಳಿತೆ. ರಿವರ್ಸ್ ಹಾಕಿ ಕ್ಲಚ್ಚು ಬಿಡುತ್ತ ಬಂದೆ. ತಟ ತಟ ತಟ ಎಂದು ಹಿಂದಿನ ತಗಡು ಮಾತಾಡತೊಡಗಿತು. ಎಡಗಡೆಯ ಕನ್ನಡಿಯಲ್ಲಿ ಕಲ್ಲಿನ ಗೋಡೆ ಸರಿಯುತ್ತಿತ್ತು, ಬಲಗಡೆಯದೂ ಸರಿಯುತ್ತಿತ್ತು. ಲಾರಿ ಸಂದಿಯೊಳಗೆ ನೇರವಾಗಿ ಕೂತಿತು. ಒಂದು ಮಾರು ಉಳಿದಾಗ ತಟ್ಟುವುದು ನಿಂತಿತು.

ನಾನು ನಿಲ್ಲಿಸಲಿಲ್ಲ.

ಕ್ಲಚ್ಚನ್ನು ಅರ್ಧ ಹಿಡಿದು ಬರುತ್ತಲೇ ಇದ್ದೆ. ಮುಕ್ಕಾಲು ಮಾರು. ಅರ್ಧ ಮಾರು. ಹೊರಗೆ ಸುರೇಶಕುಮಾರ್ ಕೂಗುವುದು ಕೇಳಿಸಿತು. ಮೊಣಕಾಲು ನೋವಿನ ಮುದುಕನಾದರೂ ಹಿಂದಿನ ಗೋಡೆ ಹತ್ತಿ ಆಚೆ ಹಾರಲು ಅವನಿಗೆ ಸಮಯವಿತ್ತು. ಹಾರಲಿಲ್ಲ. ಮೊದಲು ಏನೂ ಸದ್ದಿಲ್ಲ. ಆಮೇಲೆ ತಗಡಿನ ಮೇಲೆ ಅಂಗೈ ಬಿತ್ತು. ಒಂದು, ಎರಡು, ಆಮೇಲೆ ಎರಡೂ ಕೈ, ಧಡ ಧಡ ಧಡ. ಸಾಯಲು ಒಪ್ಪಿ ನಿಂತವನ ಮನಸ್ಸು ಏನೇ ಅಂದುಕೊಂಡಿರಲಿ, ಕೈ ಒಪ್ಪಿರಲಿಲ್ಲ. ಅವನು ಕಲಿಸಿದ ಲೆಕ್ಕದಲ್ಲಿ ಅದು ಬಾ ಎಂದು. ಅಪ್ಪನ ಲೆಕ್ಕದಲ್ಲಿ ನಿಲ್ಲು ಎಂದು. ನಾನು ಇನ್ನೂ ನಾಲ್ಕು ಬೆರಳು ಬಂದೆ, ಮತ್ತೆ ಎರಡು ಬೆರಳು ಬಂದೆ. ತಟ್ಟಲು ಕೈಗೆ ಜಾಗವಿಲ್ಲದಾಗಿ ಸದ್ದು ನಿಂತಿತು. ಬ್ರೇಕು ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಬಂದ್ ಮಾಡಿದೆ. ಕೀಲಿ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ.

ಬಾಗಿಲು ತೆಗೆಯಲು ಸಂದಿಯಲ್ಲಿ ಜಾಗವಿರಲಿಲ್ಲ. ಕಿಟಕಿಯಿಂದ ಹೊರಬಂದು ಕಲ್ಲಿನ ಗೋಡೆಯ ಮೇಲೆ ನಡೆದು ಹಿಂದಕ್ಕೆ ಹೋದೆ. ಸಾಬಣ್ಣ ತಗಡಿಗೂ ಕಲ್ಲಿಗೂ ನಡುವೆ ಸಿಕ್ಕಿದ್ದ. ಅಂಗೈ ಎರಡೂ ಎದೆಯ ಮುಂದೆ ಹಾಗೇ ಉಳಿದಿದ್ದವು. ಉಸಿರಾಡಲು ಜಾಗವಿತ್ತು, ಅಲುಗಾಡಲು ಇರಲಿಲ್ಲ. ನಾನು ಅವನ ತಲೆಯ ಪಕ್ಕದಲ್ಲೇ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತೆ. ಆ ನೋಟ ನೋಡಿ ನನಗೆ ಖುಷಿಯಾಯಿತು. ಬಹಳ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

"ಹುಚ್ಚಿ, ಗಾಡಿ ಮುಂದಕ್ಕ ತಗಿ" ಎಂದು ಸುರೇಶಕುಮಾರ್ ಓಡಿಬಂದ.

"ಕೀಲಿ ನನ್ನ ಬಲ್ಲಿ ಅದರಿ. ಉಸ್ತಾದ್ ಒಂದು ಮಾತು ಹೇಳ್ಬೇಕು. ಹೇಳಿದ್ರ ಕೊಡ್ತೀನಿ." ಜಬೀನಳ ಕಡೆ ತಿರುಗಿ, "ಬಂದ್ ಮಾಡಬ್ಯಾಡ" ಎಂದೆ. ಅವಳು ಫೋನು ಇಳಿಸಲಿಲ್ಲ.

ಸಾಬಣ್ಣ ಕತ್ತು ಹೊರಳಿಸಿ ನನ್ನನ್ನು ನೋಡಿದ. "ಮೊದಲ್ನೇ ದಿನಾನೇ ಗೊತ್ತಿತ್ತವ್ವ, ನೀ ಯಾರ ಮಗಳಂತ" ಎಂದ. "ಅದಕ್ಕೇ ದಿನಾ ಹಿಂದ ನಿಂತೀನಿ. ನಿನ್ನ ಕೈಯಾಗ ಆಗೋದಿತ್ತಂದ್ರ ಆಗಿ ಹೋಗ್ಲಿ ಅಂತ."

ಇದನ್ನು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ಎಂಥ ದೊಡ್ಡ ಮನುಷ್ಯ ನೋಡಿ. ಇಷ್ಟು ದಿನ ತಪ್ಪದೆ ಬಂದು ನನ್ನ ಬ್ರೇಕಿನ ಎದುರು ನಿಂತು, ತನ್ನ ಪಾಪವನ್ನು ನನ್ನ ಕಾಲಿಗೆ ಕಟ್ಟಿ ಹೋಗಲು ನೋಡಿದ್ದಾನೆ. ನಾನು ಒತ್ತಿದರೆ ಅವನು ಪಾರಾಗುತ್ತಿದ್ದ, ನಾನು ಜೈಲಿಗೆ ಹೋಗುತ್ತಿದ್ದೆ, ಅಪ್ಪ ರಾವೂರಿನಲ್ಲಿ ಕುಡಿದೇ ಸತ್ತಿರುತ್ತಿದ್ದ.

"ನೀವು ನಿಂತಿದ್ದು ನನಗ ಬೇಕಾಗಿಲ್ರಿ. ಸಾಯೋದು ಸಸಾರ ಅದ. ಬಾಯಿ ಬಿಡ್ರಿ" ಎಂದೆ.

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳಿದ. "ದೇವಾನಂದ ಕುಡದಿದ್ದಿಲ್ಲ. ಅರ್ಧ ತಾಸು ಮೊದಲ ನನ್ನ ಬಾಜೂನೇ ಕುಂತು ಚಾ ಕುಡದಿದ್ದ. ನಿಲ್ಲು ಅಂತ ಅಂವ ತಟ್ಟಿದ, ನಾ ಬಾ ಅಂತ ತಿಳದೆ. ತಪ್ಪು ನಂದು. ಲೈಸೆನ್ಸ್ ಹೋಗ್ತದ ಅಂತ ಹೆದರಿ ಕುಡದಿದ್ದ ಅಂತ ಸುಳ್ಳ ಹೇಳ್ದೆ."

"ಇನ್ನೊಮ್ಮೆ ಹೇಳ್ರಿ."

ಹೇಳಿದ.

"ಜೋರಾಗಿ."

ಮೂರನೆಯ ಸಲ ಹೇಳುವಾಗ ಅವನು ಅಳುತ್ತಿದ್ದ. ನಾನು ಕೀಲಿಯನ್ನು ಸುರೇಶಕುಮಾರನ ಕಾಲ ಬಳಿ ಎಸೆದೆ.

ಲಾರಿ ಮುಂದೆ ಹೋದ ಮೇಲೆ ಸಾಬಣ್ಣ ಅಲ್ಲೇ ಕುಸಿದು ಕುಳಿತ. ಗಾಯವೇನೂ ಇರಲಿಲ್ಲ, ಅಂಗಿಯ ಗುಂಡಿಯೊಂದು ಒಡೆದಿತ್ತು. ಸುರೇಶಕುಮಾರ್ ನನ್ನ ಹೆಸರಿನ ಮೇಲೆ ಗೆರೆ ಎಳೆದ, ಈ ಜನ್ಮದಲ್ಲಿ ಯಾವ ಕಂಪನಿಯ ಗೇಟಿನೊಳಗೂ ಕಾಲಿಡದ ಹಾಗೆ ಮಾಡುತ್ತೇನೆ ಎಂದ. ಸಾಬಣ್ಣನಿಗೂ ನಾಳೆಯಿಂದ ಬರಬೇಡ ಎಂದ. ಪೊಲೀಸರಿಗೆ ಫೋನು ಮಾಡಲು ಹೋದಾಗ ಸಾಬಣ್ಣ ಕುಳಿತಲ್ಲಿಂದಲೇ ಕೈ ಮುಗಿದು ಬೇಡ ಎಂದ. ನನಗೆ ಅವನ ಆ ಉಪಕಾರವೂ ಬೇಕಾಗಿರಲಿಲ್ಲ. ಆದರೆ ಅದನ್ನು ಹೇಳಲು ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದೆ.

ನನ್ನ ಬಸ್ಸು ರಾವೂರು ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಚಾದಂಗಡಿಯ ಮುಂದೆ ಹತ್ತು ಮಂದಿ ಒಂದೇ ಫೋನಿಗೆ ತಲೆ ತೂರಿಸಿ ನಿಂತಿದ್ದರು. ಸಾಬಣ್ಣನ ದನಿ ಫೋನಿನಿಂದ ಬರುತ್ತಿತ್ತು, ಕುಡದಿದ್ದಿಲ್ಲ, ಕುಡದಿದ್ದಿಲ್ಲ. ನಾನು ಬೇಕೆಂದೇ ಅವರ ಮುಂದೆ ನಿಧಾನ ನಡೆದೆ. ಹಿಂದೆ ನನ್ನ ಚಪ್ಪಲಿಯ ಏಟು ತಿಂದಿದ್ದವನು ಎದ್ದು ನಿಂತು ದಾರಿ ಬಿಟ್ಟ. ಆರು ವರ್ಷದಲ್ಲಿ ಮೊದಲ ಸಲ ಆ ರಸ್ತೆ ನನಗೆ ಅಗಲವಾಗಿ ಕಂಡಿತು. ಅವ್ವ ಬಾಗಿಲಲ್ಲಿ ನಿಂತಿರುತ್ತಾಳೆ, ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದುಕೊಂಡು ಹೆಜ್ಜೆ ಹಾಕಿದೆ.

ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ, "ಕೈಕಾಲ ತೊಳ್ಕೊಂಡು ಕುಂದ್ರು" ಎಂದಳು.

"ನೋಡಿದೇನವ್ವ?"

"ಶಿವಗಂಗಾ ಬಂದು ತೋರಿಸಿದಳು." ಪಕ್ಕದ ಮನೆಯವಳ ಹೆಸರು ಅದು. "ಅವನಿಗೆ ಪೆಟ್ಟಾಗ್ಯಾದೇನು?"

"ಇಲ್ಲ. ಆಗಿದ್ರ ಚಲೋ ಇತ್ತು."

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. "ಮೂರು ಸಲ ಯಾಕ ಹೇಳಸಿದಿ?" ಎಂದು ಕೇಳಿದಳು.

"ಊರಿಗೆ ಕೇಳ್ಲಿ ಅಂತ."

"ಒಂದು ಸಲ ಹೇಳಿದ್ರ ಊರಿಗೆ ಕೇಳತಿತ್ತು."

ಅವಳು ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೊದಲ ಸಲ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಇಷ್ಟು ವರ್ಷ ನಾ ಯಾರ ಜೋಡಿನೂ ಜಗಳ ಆಡ್ಲಿಲ್ಲ ಅಂತ ನಿನಗ ಸಿಟ್ಟದ. ನನಗ ಗೊತ್ತದ" ಎಂದಳು. "ಅಂವ ಕುಡಿಯಾಂವ ಅಲ್ಲ. ಅದನ್ನ ನಾ ಯಾರ ಬಾಯಿಲಿಂದ ಕೇಳ್ಬೇಕಾಗಿತ್ತು? ಊರು ಏನರ ಅನ್ಕೊಳ್ಳಲಿ, ಈ ಮನ್ಯಾಗ ಇಬ್ಬರಿಗೆ ಖರೇ ಗೊತ್ತದ ಅಂತ ನಾ ಸುಮ್ಮ ಇದ್ದೆ." ಆಮೇಲೆ ಕೇಳಿದಳು. "ನಿನಗ ಗೊತ್ತಿದ್ದಿಲ್ಲೇನು?"

ಆರು ವರ್ಷದ ಹಿಂದೆ ಆ ದಿನ ಅಪ್ಪನನ್ನು ಆಸ್ಪತ್ರೆಯಿಂದ ತಂದು ಅಂಗಳದಲ್ಲಿ ಮಲಗಿಸಿದ್ದರು. ಎಲ್ಲರೂ ಅಳುತ್ತಿದ್ದರು. ಕುಡಿದಿದ್ದನಂತೆ ಎಂಬ ಮಾತು ಆಗಲೇ ಓಣಿಯಲ್ಲಿ ಓಡಾಡುತ್ತಿತ್ತು. ನಾನು ಅವನ ಎದೆಯ ಮೇಲೆ ಬಿದ್ದು ಅತ್ತೆ. ಮಗಳು ಎಷ್ಟು ಹಚ್ಚಿಕೊಂಡಿದ್ದಳು ನೋಡಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಾನು ಅವನ ಬಾಯಿಯ ಹತ್ತಿರ ಮೂಗು ಒಯ್ದಿದ್ದೆ. ಮೂಸಿ ನೋಡಿದ್ದೆ. ಔಷಧದ ವಾಸನೆ ಬಂತು, ರಕ್ತದ ವಾಸನೆ ಬಂತು, ಬೇರೆ ಏನೋ ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಚಪ್ಪಲಿ ಎತ್ತಿದಾಗ, ವರ್ಷಗಟ್ಟಲೆ ಕಾದಾಗ, ಕಲ್ಲು ಬೀಳದಂತೆ ಲಾರಿ ತಾಕಿಸಲು ಕಲಿತಾಗ, ಆ ವಾಸನೆ ಹೆಂಡದ್ದೋ ಅಲ್ಲವೋ ಎಂಬುದೇ ನನಗೆ ಬಗೆಹರಿದಿರಲಿಲ್ಲ.

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅವ್ವ ಅದನ್ನು ಮಗುಚಲಿಲ್ಲ, ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಇಲ್ಲವ್ವ," ಎಂದೆ. "ನನಗ ಗೊತ್ತಿದ್ದಿಲ್ಲ."